ಫರ್ಸಿ ನಾಡಿನ ಸೈಕಲ್ ದಾರಿ

ಸೇಡಂ ಪೇಟೆಯ ಸೈಕಲ್ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ 28 ಇಂಚಿನ ಕಪ್ಪು ಟಾಯರನ್ನು ಹಾಲೆಂಡಿಗೆ ಒಯ್ದರೆ ಅಲ್ಲಿನ ಅಜ್ಜ-ಅಜ್ಜಿಯರ ಕಾಲದ ಸೈಕಲ್ಲಿಗೆ ಸರಿಯಾಗಿ ಕೂರುತ್ತದೆ. ಒಂದೂವರೆ ಇಂಚು ದಪ್ಪ, 635 ಮಿಲಿಮೀಟರ್ ರಿಮ್ಮು, ಅಳತೆ ಅಲ್ಲಿಯೂ ಅದೇ ಇಲ್ಲಿಯೂ ಅದೇ. ಹವಾ ಹೊಡೆಯುವ ವಾಲ್ವ್ ಕೂಡ ಒಂದೇ ಜಾತಿಯದು. ಹಾಲೆಂಡಿನ ಕರಿ ಸೈಕಲ್ಲಿಗೂ ಕಲಬುರಗಿ ಸೀಮೆಯ ರೈತನ ಕರಿ ಸೈಕಲ್ಲಿಗೂ ಮೂಲ ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್.

ಆದರೆ ಸೈಕಲ್ಲಿನ ಪಾಡು ಎಲ್ಲ ಕಡೆ ಒಂದೇ ಆಗಿ ಉಳಿಯಲಿಲ್ಲ. ಹಾಲೆಂಡಿನಲ್ಲಿ ಜನ ಮಾಡುವ ಒಟ್ಟು ಓಡಾಟದಲ್ಲಿ ಕಾಲುಭಾಗಕ್ಕೂ ಹೆಚ್ಚು ಇಂದಿಗೂ ಸೈಕಲ್ ಮೇಲೆಯೇ ನಡೆಯುತ್ತದೆ. ಆ ಕರಿ ಸೈಕಲ್ ಹುಟ್ಟಿ ಬೆಳೆದ ಬ್ರಿಟನ್ನಿನಲ್ಲಿ ಆ ಲೆಕ್ಕ ನೂರಕ್ಕೆ ಎರಡರ ಆಸುಪಾಸು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಎರಡು ತಲೆಮಾರಿನವರಿಗೆ ಸೈಕಲ್ಲೇ ಕುದುರೆಯಾಗಿತ್ತು. ಈಗ ಅದನ್ನು ತುಳಿಯುವವರು ಬೇರೆ ಗತಿಯಿಲ್ಲದವರು ಎಂಬ ಮಾತು ಬಂದಿದೆ. ಈ ಬದಲಾವಣೆಗೆ ಜನರ ಸೋಮಾರಿತನವನ್ನೋ ಬಿಸಿಲನ್ನೋ ದೂರುವುದು ಸುಲಭ. ರಸ್ತೆ, ತೆರಿಗೆ, ರೈಲು, ಸರ್ಕಾರದ ಲೆಕ್ಕಪತ್ರಗಳ ಇತಿಹಾಸ ತೆರೆದರೆ ಕಥೆ ಬೇರೆಯೇ ಇದೆ.

ಮೊದಲು ನೆಲ. ಹಾಲೆಂಡ್ ಸಪಾಟಾದ ದೇಶ, ಅದಕ್ಕೇ ಅಲ್ಲಿ ಸೈಕಲ್ ನಡೆಯುತ್ತದೆ ಎಂದು ಹೇಳುವವರು ಶಹಾಬಾದಿನಿಂದ ವಾಡಿಗೆ, ವಾಡಿಯಿಂದ ಚಿತ್ತಾಪುರಕ್ಕೆ ಒಮ್ಮೆ ಹೋಗಿ ನೋಡಬೇಕು. ಭೀಮಾ ತೀರದ ಸುಣ್ಣಕಲ್ಲಿನ ಪದರುಗಳು ಇಲ್ಲಿ ನೆಲದಡಿ ಮಲಗಿವೆ. ಅದೇ ಕಲ್ಲನ್ನು ಹಾಳೆ ಹಾಳೆಯಾಗಿ ಎಬ್ಬಿಸಿ ‘ಶಹಾಬಾದ್ ಫರ್ಸಿ’ ಎಂದು ದೇಶಕ್ಕೆಲ್ಲ ಮಾರಿದ ಸೀಮೆ ಇದು. ಮೇಲೆ ಎರಿ ಭೂಮಿ, ತೊಗರಿ ಹೊಲ, ಕಣ್ಣಿಗೆ ಕಾಣುವಷ್ಟು ದೂರ ಏರಿಲ್ಲದ ಹಾದಿ. ಊರಿಂದ ಊರಿಗೆ ಹತ್ತು-ಹನ್ನೆರಡು ಕಿಲೊಮೀಟರ್, ಎಂದರೆ ಒಂದು ತಾಸಿನೊಳಗಿನ ದಾರಿ. ಚಿಂಚೋಳಿ ಮಾತ್ರ ಬೇರೆ. ಅಲ್ಲಿ ಏರು-ತಗ್ಗಿನ ಕೆಂಪು ನೆಲ, ಕುಂಚಾವರಂ ಕಡೆ ಕಾಡು, ತಾಂಡಾಗಳಿಗೆ ಹತ್ತಿ ಇಳಿಯುವ ದಾರಿ. ರೈಲೂ ಅಲ್ಲಿಗೆ ಬರಲಿಲ್ಲ. ಸ್ವಿಟ್ಜರ್‌ಲ್ಯಾಂಡಿಗೂ ಹಾಲೆಂಡಿಗೂ ಇರುವ ಅಂತರವನ್ನು ಚಿಕ್ಕದು ಮಾಡಿ ನೋಡಬೇಕಾದರೆ ವಾಡಿಯಿಂದ ಚಿಂಚೋಳಿಯವರೆಗೆ ಹೋದರೆ ಸಾಕು.

ಈ ಸೀಮೆಗೆ ಸೈಕಲ್ ತಂದದ್ದು ರೈಲು. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. ಮೂರು ವರ್ಷ ಕಳೆದು, 1874ರಲ್ಲಿ, ನಿಜಾಮರ ದುಡ್ಡಿನ ಭರವಸೆಯ ಮೇಲೆ ಕಟ್ಟಿದ ವಾಡಿ–ಸಿಕಂದರಾಬಾದ್ ಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳು ಆ ಮಾರ್ಗದ ನಿಲ್ದಾಣಗಳಾದವು. ವಾಡಿ ಎಂಬ ಹಳ್ಳಿ ಜಂಕ್ಷನ್ ಆಯಿತು. ಅಲ್ಲಿಂದ ಮುಂದೆ ಮುಂಬೈ ಬಂದರಿನಲ್ಲಿ ಇಳಿದ ಸರಕು ವಾಡಿಗೆ ಬರಲು ಎತ್ತಿನ ಬಂಡಿಯ ಹಂಗು ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಭಾರತದಲ್ಲಿ ಓಡುತ್ತಿದ್ದ ಸೈಕಲ್‌ಗಳು ಬಹುಪಾಲು ವಿಲಾಯತಿ. ರ‍್ಯಾಲಿ, ಬಿಎಸ್‌ಎ, ಹಂಬರ್, ಫಿಲಿಪ್ಸ್ ಎಂಬ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ.

ವಿಲಾಯತಿ ಸೈಕಲ್ ಬ್ರಿಟಿಷ್ ಇಂಡಿಯಾದ ಸೀಮೆ ದಾಟಿ ನಿಜಾಮರ ರಾಜ್ಯದೊಳಗೆ ಕಾಲಿಟ್ಟರೆ ಇನ್ನೊಂದು ಸುಂಕ ಕಟ್ಟಬೇಕಿತ್ತು. ಹೈದರಾಬಾದ್ ರಾಜ್ಯಕ್ಕೆ ತನ್ನದೇ ನಾಣ್ಯ ‘ಹಾಲಿ ಸಿಕ್ಕಾ’ ಇದ್ದಂತೆ ತನ್ನದೇ ಸುಂಕದ ಇಲಾಖೆಯೂ ಇತ್ತು. ‘ಕರೋಡ್‌ಗಿರಿ’ ಎಂಬ ಹೆಸರಿನ ಆ ಇಲಾಖೆ ಹೊರಗಿನ ಸರಕಿನ ಬೆಲೆಯ ಮೇಲೆ ನೂರಕ್ಕೆ ಐದರಂತೆ ವಸೂಲಿ ಮಾಡುತ್ತಿತ್ತು. ಆ ದಿನಗಳ ಯುರೋಪಿನ ಸೈಕಲ್ ಸವಾರನಿಗೂ ಗಡಿ ಇಂಥದೇ ತಲೆನೋವು. ಫ್ರಾನ್ಸಿನಿಂದ ಇಟಲಿಗೋ ಸ್ವಿಟ್ಜರ್‌ಲ್ಯಾಂಡಿಗೋ ಹೋಗುವವನು ಗಡಿಯಲ್ಲಿ ತನ್ನ ಸೈಕಲ್ಲಿನ ಸುಂಕವನ್ನು ಠೇವಣಿ ಇಟ್ಟು, ಮರಳುವಾಗ ಬಿಡಿಸಿಕೊಳ್ಳಬೇಕಿತ್ತು. ಸವಾರರು ಕಟ್ಟಿಕೊಂಡ ಸಂಘಗಳು ಅದಕ್ಕೆ ಉಪಾಯ ಹುಡುಕಿದವು. ಬ್ರಿಟನ್ನಿನಲ್ಲಿ 1878ರಲ್ಲಿ, ಹಾಲೆಂಡಿನಲ್ಲಿ 1883ರಲ್ಲಿ, ಫ್ರಾನ್ಸಿನಲ್ಲಿ 1890ರಲ್ಲಿ, ಇಟಲಿಯಲ್ಲಿ 1894ರಲ್ಲಿ ಹುಟ್ಟಿದ ಪ್ರವಾಸಿ ಸಂಘಗಳು ಸದಸ್ಯರ ಪರವಾಗಿ ಸರ್ಕಾರಗಳೊಡನೆ ಮಾತಾಡಿದವು, ನಕ್ಷೆ ಅಚ್ಚು ಹಾಕಿದವು, ದಾರಿಯಲ್ಲಿ ಫಲಕ ನೆಟ್ಟವು. ಅಲ್ಲಿ ಸೈಕಲ್ ಸವಾರನೆಂದರೆ ಮೊದಮೊದಲು ಬಿಡುವಿದ್ದ, ಓದಿದ, ಅರ್ಜಿ ಬರೆಯಬಲ್ಲ ಮನುಷ್ಯ. ಫರ್ಸಿ ನಾಡಿನಲ್ಲಿ ಸೈಕಲ್ ಬೇಗನೆ ಕೂಲಿಕಾರನ ಕೈಗೆ ಬಂತು. ಅವನ ಪರವಾಗಿ ಅರ್ಜಿ ಬರೆಯುವ ಸಂಘ ಹುಟ್ಟಲಿಲ್ಲ.

ಕೂಲಿಕಾರನ ಕೈಗೆ ಅದು ಬಂದದ್ದು ಕಾರ್ಖಾನೆಗಳಿಂದ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. 1959ರಲ್ಲಿ ಅದೇ ಊರಿಗೆ ಬಾಯ್ಲರ್ ತಯಾರಿಸುವ ಎಸಿಸಿ-ಬಾಬ್‌ಕಾಕ್ ಬಂತು. 1968ರಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಇವುಗಳ ಸುತ್ತ ಫರ್ಸಿ ಖಣಿಗಳು. ಪಾಳಿ ಬದಲಾಗುವ ಭೋಂಗಾ ಆದರೆ ಸುತ್ತಲ ಹಳ್ಳಿಗಳ ದಾರಿಯೆಲ್ಲ ಸೈಕಲ್ಲು. ಹ್ಯಾಂಡಲ್ಲಿಗೆ ಜೋಳದ ರೊಟ್ಟಿಯ ಬುತ್ತಿ, ಕ್ಯಾರಿಯರ್ ಮೇಲೆ ಅದೇ ಪಾಳಿಯ ಗೆಳೆಯ. ಬಸ್ಸಿನ ವೇಳೆಗೂ ಪಾಳಿಯ ವೇಳೆಗೂ ತಾಳಮೇಳ ಇರಲಿಲ್ಲ. ನಿಜಾಮ್ ಸರ್ಕಾರ 1932ರಲ್ಲೇ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಆರಂಭಿಸಿತ್ತು, ನಿಜ. ಆದರೆ ರಾತ್ರಿ ಪಾಳಿ ಮುಗಿಸಿದವನನ್ನು ಹಳ್ಳಿಗೆ ಮುಟ್ಟಿಸುವ ಬಸ್ಸು ಯಾವುದೂ ಇರಲಿಲ್ಲ.

ರೈಲ್ವೆಯಲ್ಲೂ ಅಷ್ಟೇ. ಉಗಿಬಂಡಿಗಳ ಕಾಲದಲ್ಲಿ ಜಂಕ್ಷನ್ ಊರುಗಳಲ್ಲಿ ‘ಕಾಲ್ ಬಾಯ್’ ಎಂಬ ನೌಕರ ಇರುತ್ತಿದ್ದ. ಯಾವ ಗಾಡಿಗೆ ಯಾವ ಡ್ರೈವರ್, ಯಾವ ಫೈರ್‌ಮನ್ ಎಂದು ಬರೆದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಸರಿರಾತ್ರಿಯಲ್ಲಿ ಸೈಕಲ್ ತುಳಿಯುತ್ತ ಕಾಲನಿಯ ಮನೆಮನೆಗೆ ಹೋಗಿ ಬಾಗಿಲು ಬಡಿದು ಎಬ್ಬಿಸಿ ಸಹಿ ಹಾಕಿಸಿಕೊಂಡು ಬರುವುದು ಅವನ ಕೆಲಸ. ಫೋನಿಲ್ಲದ ದಿನಗಳಲ್ಲಿ ಮೇಲ್ ಗಾಡಿ ವೇಳೆಗೆ ಹೊರಡಬೇಕಾದರೆ ಅವನ ಸೈಕಲ್ಲಿನಲ್ಲಿ ಹವಾ ಇರಬೇಕಿತ್ತು.

ಸ್ವಂತ ಸೈಕಲ್ ಎಲ್ಲರಿಗೂ ಆಗುವ ಮಾತಲ್ಲ. ಅದಕ್ಕೇ ಕಿರಾಯಿ ಅಂಗಡಿಗಳು. ತಾಸಿಗಿಷ್ಟು ಎಂದು ಸೈಕಲ್ ಕೊಡುವ ಈ ಅಂಗಡಿಗಳು ನಿಲ್ದಾಣದ ಎದುರು, ಸಂತೆಯ ಬದಿಗೆ, ಕಾರ್ಖಾನೆಯ ಗೇಟಿನ ಸಮೀಪ ಇದ್ದವು. ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ನೋಟುಬುಕ್ಕಿನಲ್ಲಿ ಹೆಸರು ಮತ್ತು ವೇಳೆ. ಗುರುತಿಲ್ಲದವರಿಗೆ ಸೈಕಲ್ ಇಲ್ಲ. ಹಳ್ಳಿಯ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ತುಳಿದು ಸವಾರಿ ಕಲಿತದ್ದು ಈ ಕಿರಾಯಿ ಸೈಕಲ್ ಮೇಲೆಯೇ.

ಅಂಗಡಿಯ ನಿಜವಾದ ಸಂಪಾದನೆ ಪಂಚರ್ ತಿದ್ದುವುದರಲ್ಲಿ ಇತ್ತು. ಜಾಲಿ ಮುಳ್ಳಿನ ಸೀಮೆಯಲ್ಲಿ ಆ ಕೆಲಸಕ್ಕೆ ಬರ ಇಲ್ಲ. ಪಾನಾ ಹಾಕಿ ಗಾಲಿ ಬಿಚ್ಚುವುದೂ ಬೇಕಿಲ್ಲ. ಗಾಡಿಯನ್ನು ಮಲಗಿಸಿ ಟಾಯರಿನ ಒಂದು ಅಂಚು ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತಾರೆ. ಹವಾ ತುಂಬಿದ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಸುತ್ತ ಅದ್ದುತ್ತ ಹೋದರೆ ಗುಳ್ಳೆ ಏಳುವ ಜಾಗದಲ್ಲಿ ಮುಳ್ಳು ಚುಚ್ಚಿದೆ ಎಂದರ್ಥ. ಅಲ್ಲಿ ಉಜ್ಜಿ, ಸಲ್ಯೂಷನ್ ಸವರಿ, ಅದು ಆರುವವರೆಗೆ ಹಳೆಯ ಟ್ಯೂಬಿನಿಂದ ಕತ್ತರಿಯಲ್ಲಿ ದುಂಡಗೆ ಒಂದು ತ್ಯಾಪಿ ಕತ್ತರಿಸಿಕೊಂಡು ಅಂಟಿಸಿ ತಟ್ಟುತ್ತಾರೆ. ಕಡೆಗೆ ಟಾಯರಿನ ಒಳಮೈಯಲ್ಲಿ ಬೆರಳಾಡಿಸಿ ಮುರಿದ ಮುಳ್ಳಿನ ತುದಿ ಉಳಿದಿದೆಯೇ ಎಂದು ನೋಡುವುದನ್ನು ಒಳ್ಳೆಯ ಮಿಸ್ತ್ರಿ ಮರೆಯುವುದಿಲ್ಲ. ಈ ವಿದ್ಯೆ ದಾರಿಯುದ್ದಕ್ಕೂ ಸಿಗುತ್ತಿದ್ದ ಕಾರಣಕ್ಕೆ ಇಲ್ಲಿನ ಸವಾರ ಜೇಬಿನಲ್ಲಿ ಏನೂ ಇಲ್ಲದೆ ಊರು ದಾಟುತ್ತಿದ್ದ. ಇವತ್ತು ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಸೈಕಲ್ ತುಳಿಯುವವನು ಪಂಪು, ತ್ಯಾಪಿ, ಸಲ್ಯೂಷನ್ನನ್ನು ಚೀಲದಲ್ಲಿ ತಾನೇ ಹೊತ್ತು ಹೊರಡುತ್ತಾನೆ. ಈ ಒಂದು ವಿಷಯದಲ್ಲಿ ಚಿತ್ತಾಪುರದ ಸವಾರ ಅವನಿಗಿಂತ ಸುಖಿ.

ತೆರಿಗೆಯ ವಿಷಯದಲ್ಲಿ ಯಾವ ದೇಶವೂ ಸಾಚಾ ಅಲ್ಲ. ಕರ್ನಾಟಕದ ಪಟ್ಟಣಗಳಲ್ಲಿ ಸೈಕಲ್ಲಿಗೆ ವರ್ಷವರ್ಷ ಪುರಸಭೆಯ ತಗಡಿನ ಬಿಲ್ಲೆ ಕಟ್ಟಿಸಿಕೊಳ್ಳುತ್ತಿದ್ದ ನೆನಪು ಅರವತ್ತು ದಾಟಿದವರಿಗೆ ಇದೆ. ಮೋಟಾರಿಲ್ಲದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು 1964ರ ಪುರಸಭೆ ಕಾಯ್ದೆಯೇ ಕೊಟ್ಟಿತ್ತು. ಸೈಕಲ್ ಸ್ವರ್ಗ ಎನಿಸಿಕೊಂಡ ಹಾಲೆಂಡ್ ಇದಕ್ಕಿಂತ ಕಠಿಣವಾಗಿತ್ತು. 1924ರಲ್ಲಿ ಅಲ್ಲಿನ ಸರ್ಕಾರ ಪ್ರತಿ ಸೈಕಲ್ಲಿಗೆ ಮೂರು ಗಿಲ್ಡರ್ ತೆರಿಗೆ ಹಾಕಿ ಹಿತ್ತಾಳೆಯ ಬಿಲ್ಲೆ ಕೊಟ್ಟಿತು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಬಿಲ್ಲೆ ಪುಕ್ಕಟೆ, ಆದರೆ ಅದರಲ್ಲಿ ಒಂದು ತೂತು ಹೊಡೆದಿರುತ್ತಿತ್ತು. ತೂತಿನ ಬಿಲ್ಲೆಯವನು ಭಾನುವಾರ ಸೈಕಲ್ ತುಳಿಯುವಂತಿರಲಿಲ್ಲ. ಬಡತನವನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ತಿರುಗುವ ಈ ಅವಮಾನ ಮುಗಿದದ್ದು 1941ರಲ್ಲಿ. ಅದೂ ದೇಶವನ್ನು ಆಕ್ರಮಿಸಿದ್ದ ಜರ್ಮನರ ಆಜ್ಞೆಯಿಂದ. ಇಟಲಿ 1938ರಲ್ಲಿ ಸೈಕಲ್ ತೆರಿಗೆ ಬಿಟ್ಟಿತು. ಬೆಲ್ಜಿಯಂನ ಪ್ರಾಂತಗಳಲ್ಲಿ ಬಿಲ್ಲೆ 1980ರ ದಶಕದವರೆಗೂ ಉಳಿಯಿತು. ಸ್ವಿಟ್ಜರ್‌ಲ್ಯಾಂಡಿನಲ್ಲಿ ವಿಮೆಯ ಚೀಟಿ ಅಂಟಿಸುವ ಕಡ್ಡಾಯ 2012ರಲ್ಲಷ್ಟೇ ಹೋಯಿತು.

ರಸ್ತೆಯ ಕಥೆ ಇದಕ್ಕಿಂತ ಜಟಿಲ. ಎರಿ ಭೂಮಿಯ ಬಂಡಿ ಜಾಡಿನಲ್ಲಿ ಬೇಸಿಗೆಯಲ್ಲಿ ಸೈಕಲ್ ಹೂವಿನಂತೆ ಸಾಗುತ್ತದೆ. ಒಂದು ಮಳೆ ಬಿದ್ದರೆ ಕರಿಮಣ್ಣು ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಸವಾರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಮಳಖೇಡದಲ್ಲಿ, ದಂಡೋತಿಯಲ್ಲಿ ಕಾಗಿಣಾ ನದಿ ಸೇತುವೆಯ ಮೇಲೆ ಹರಿದರೆ ದಾರಿಯೇ ಕಟ್. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡಕ್ಕೆ ಇವತ್ತಿಗೂ ಮಳೆಗಾಲದಲ್ಲಿ ಈ ಸಂಕಟ ತಪ್ಪಿಲ್ಲ. ಯುರೋಪಿನ ಹಳೆಯ ರಸ್ತೆಗಳೂ ಮೆತ್ತಗಿರಲಿಲ್ಲ. ಉತ್ತರ ಫ್ರಾನ್ಸ್, ಬೆಲ್ಜಿಯಂಗಳ ಕಲ್ಲುಗುಂಡು ಜೋಡಿಸಿದ ದಾರಿಗಳು ಸವಾರನ ಮೈಮೂಳೆ ಅಲುಗಿಸುವಂಥವು. 1896ರಲ್ಲಿ ಆರಂಭವಾದ ಪ್ಯಾರಿಸ್–ರೂಬೆ ಪಂದ್ಯ ಆ ಕಲ್ಲುಗಳಿಂದಲೇ ಹೆಸರಾಗಿದೆ.

ಅದರಿಂದ ತಪ್ಪಿಸಿಕೊಳ್ಳಲೆಂದೇ ಪಕ್ಕದಲ್ಲಿ ನುಣುಪಾದ ಸೈಕಲ್ ಪಟ್ಟಿ ಬೇಕೆಂಬ ಕೂಗು ಎದ್ದಿತು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ 1885ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1892ರಲ್ಲಿ ಇಂಥ ಪಟ್ಟಿಗಳು ಕಾಣಿಸಿಕೊಂಡವು. ಡೆನ್ಮಾರ್ಕಿನವರು ಸೈಕಲ್ ದಾರಿಯನ್ನು ಮೋಟಾರು ದಾರಿಗಿಂತ ಒಂದು ಮೆಟ್ಟಿಲು ಎತ್ತರಕ್ಕೆ, ಪಾದಚಾರಿ ದಾರಿಗಿಂತ ತಗ್ಗಿಗೆ ಕಟ್ಟುವ ಪದ್ಧತಿಯನ್ನು ಮುಂದುವರಿಸಿದರು. ಜರ್ಮನಿ 1934ರಲ್ಲಿ ಪಟ್ಟಿ ಇದ್ದಲ್ಲಿ ಸೈಕಲ್ ಅದರ ಮೇಲೆಯೇ ಹೋಗಬೇಕೆಂದು ಕಾನೂನು ಮಾಡಿತು. ಉದ್ದೇಶ ಮಾತ್ರ ಮೋಟಾರಿಗೆ ಅಡ್ಡಿಯಾಗದಿರಲಿ ಎಂಬುದು. ಅದೇ ವರ್ಷ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಬ್ರಿಟನ್ನಿನ ಮೊದಲ ಸೈಕಲ್ ಪಟ್ಟಿ ತೆರೆದಾಗ ಅಲ್ಲಿನ ಸೈಕಲ್ ಸಂಘವೇ ಅದನ್ನು ವಿರೋಧಿಸಿತು. ಇವತ್ತು ಪಟ್ಟಿ ಕೊಟ್ಟವರು ನಾಳೆ ಹೆದ್ದಾರಿಯಿಂದ ನಮ್ಮನ್ನು ಹೊರಗೆ ಹಾಕುತ್ತಾರೆ ಎಂಬುದು ಅವರ ಭಯ. ಒಂದೇ ಖಂಡದ ನಾಲ್ಕು ದೇಶಗಳಲ್ಲಿ ಒಂದೇ ಪಟ್ಟಿಗೆ ನಾಲ್ಕು ಅರ್ಥ.

ಭಾರತ ಈ ವಿಚಾರದಲ್ಲಿ ಹಿಂದೆ ಬಿದ್ದಿರಲಿಲ್ಲ, ಕಾಗದದ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಟ್ಟಿಗಳಿಗೆ ಮಾನದಂಡ ಪ್ರಕಟಿಸಿತು. ಗಂಟೆಗೆ 100ರಿಂದ 200 ಮೋಟಾರು ವಾಹನ ಓಡುವ ರಸ್ತೆಯಲ್ಲಿ ದಟ್ಟಣೆಯ ವೇಳೆ 400 ಸೈಕಲ್ ಇದ್ದರೆ ಪ್ರತ್ಯೇಕ ಪಟ್ಟಿ ಬೇಕು. ಮೋಟಾರುಗಳು 200 ದಾಟಿದರೆ ಗಂಟೆಗೆ 100 ಸೈಕಲ್ ಇದ್ದರೂ ಪಟ್ಟಿ ಸಮರ್ಥನೀಯ. ಅಗಲ ಕನಿಷ್ಠ ಎರಡು ಮೀಟರ್. ಪಾಳಿ ಬಿಡುವ ಹೊತ್ತಿಗೆ ಸೈಕಲ್ಲುಗಳೇ ದಾರಿ ತುಂಬುತ್ತಿದ್ದ ವಾಡಿ, ಶಹಾಬಾದಿನಂಥ ಕಾರ್ಖಾನೆ ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಂತಿರುವ ಮಾತು ಇದು.

ತಿರುವು ಬಂದದ್ದು 1970ರ ದಶಕದಲ್ಲಿ. ಹಾಲೆಂಡಿನಲ್ಲೂ ಅಷ್ಟರಲ್ಲಿ ಕಾರುಗಳು ಸೈಕಲ್ಲನ್ನು ಬದಿಗೆ ತಳ್ಳಿದ್ದವು. 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು, ಅವರಲ್ಲಿ ಮಕ್ಕಳೇ 400ರ ಮೇಲೆ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಹುಟ್ಟಿ ತಂದೆತಾಯಿಗಳು ಬೀದಿಗೆ ಇಳಿದರು. ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಸರ್ಕಾರ 1973ರ ನವೆಂಬರಿನಿಂದ ಭಾನುವಾರಗಳಂದು ಕಾರು ನಿಷೇಧಿಸಿತು. ಖಾಲಿ ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು. ಅಲ್ಲಿಂದಾಚೆ ಊರೂರಿನಲ್ಲಿ ಸೈಕಲ್ ದಾರಿಗೆ ದುಡ್ಡು ಹರಿಯಿತು. ಇಂದು ಆ ಪುಟ್ಟ ದೇಶದಲ್ಲಿ ಸುಮಾರು 35,000 ಕಿಲೊಮೀಟರ್ ಸೈಕಲ್ ದಾರಿ ಇದೆ. ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಇದೆ.

ಅದೇ ವರ್ಷಗಳಲ್ಲಿ ಫರ್ಸಿ ನಾಡಿನಲ್ಲಿ ಗಾಲಿ ಎದುರು ದಿಕ್ಕಿಗೆ ತಿರುಗಿತು. 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ ಮೊಪೆಡ್‌ಗಳು ಮಾರುಕಟ್ಟೆಗೆ ಬಂದವು. ಸಂಬಳದ ನೌಕರ ಸೈಕಲ್ ಬಿಟ್ಟ. 1980ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಎದ್ದವು. ನೌಕರಿ ಬಂತು, ಪೇಟೆ ಬೆಳೆಯಿತು. ಜೊತೆಗೆ ಸಿಮೆಂಟು, ಸುಣ್ಣಕಲ್ಲು, ಬೂದಿ ಹೊತ್ತ ಲಾರಿಗಳು ಹಗಲೂ ರಾತ್ರಿ ಓಡತೊಡಗಿದವು. ಡಾಂಬರಿನ ಅಂಚಿನಲ್ಲಿ ಗೇಣುದ್ದ ತಗ್ಗು, ಅದರಾಚೆ ಧೂಳು, ಆಮೇಲೆ ಜಾಲಿ ಕಂಟಿ. ಹಿಂದಿನಿಂದ ಲಾರಿಯ ಹಾರ್ನು ಕೇಳಿದರೆ ಸೈಕಲ್ ಸವಾರ ಆ ತಗ್ಗಿಗೆ ಇಳಿಯಬೇಕು. ಹಾಲೆಂಡಿನಲ್ಲಿ ಮೋಟಾರು ಸೈಕಲ್ಲಿಗೆ ತಾಗಿದರೆ ಪರಿಹಾರದ ಹೊಣೆ ಮೊದಲು ಮೋಟಾರಿನವನದೇ. ಇಲ್ಲಿ ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಪರಿಹಾರ ಬೇಕಾದರೆ ಸತ್ತವನ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಿ ಮೋಟಾರಿನವನ ತಪ್ಪನ್ನು ಸಾಬೀತು ಮಾಡಬೇಕು.

ಬಿಸಿಲಿನ ಮಾತೂ ಬರುತ್ತದೆ. ಮೇ ತಿಂಗಳಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ಯಾರು ಸೈಕಲ್ ತುಳಿಯುತ್ತಾರೆ ಎಂಬ ಪ್ರಶ್ನೆ ಸಹಜ. ಫಿನ್‌ಲ್ಯಾಂಡಿನ ಔಲು ಎಂಬ ಊರು ಆರ್ಕ್‌ಟಿಕ್ ವೃತ್ತದ ಹತ್ತಿರ ಇದೆ. ಚಳಿಗಾಲದಲ್ಲಿ ಮೈನಸ್ ಇಪ್ಪತ್ತರಲ್ಲೂ ಮಕ್ಕಳು ಶಾಲೆಗೆ ಸೈಕಲ್ ಮೇಲೆ ಹೋಗುತ್ತಾರೆ, ಏಕೆಂದರೆ ಬೆಳಗಾಗುವ ಮೊದಲೇ ಮುಖ್ಯ ಸೈಕಲ್ ದಾರಿಗಳ ಹಿಮ ಎತ್ತಿರುತ್ತಾರೆ. ಹಿಮಕ್ಕೆ ಗುದ್ದಲಿ ಇದ್ದಂತೆ ಬಿಸಿಲಿಗೆ ಬೇವಿನ ಸಾಲು ಇದೆ. ಆದರೆ ರಸ್ತೆ ಅಗಲ ಮಾಡುವಾಗ ಮೊದಲು ಕೊಡಲಿ ಬೀಳುವುದು ಆ ಸಾಲಿಗೇ.

ಮತ್ತೆ ಸೈಕಲ್ಲಿಗೆ ಮರ್ಯಾದೆ ತಂದದ್ದು ಶಾಲೆಯ ಮಕ್ಕಳು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಆರಂಭಿಸಿತು. ಹಳ್ಳಿಯಲ್ಲಿ ಏಳನೆಯದು ಮುಗಿಸಿ ನಾಲ್ಕಾರು ಕಿಲೊಮೀಟರ್ ದೂರದ ಹೈಸ್ಕೂಲಿಗೆ ಹೋಗಬೇಕಾದ ಹುಡುಗಿಯನ್ನು ಮನೆಯಲ್ಲೇ ನಿಲ್ಲಿಸಿ ಮದುವೆ ಮಾಡುತ್ತಿದ್ದ ತಾಲ್ಲೂಕುಗಳಲ್ಲಿ ಇದರ ಬೆಲೆ ದೊಡ್ಡದು. ಅದೇ ವರ್ಷ ಬಿಹಾರದಲ್ಲಿ ಶುರುವಾದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತ್ತು. ಕರ್ನಾಟಕದಲ್ಲಿ ಕೋವಿಡ್ ಕಾಲಕ್ಕೆ ವಿತರಣೆ ನಿಂತಿತು. 2023ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ಎಂಬುದು ದೊಡ್ಡ ಅನುಕೂಲವೇ. ಆದರೆ ಬಸ್ಸೇ ಹೋಗದ ತಾಂಡಾದ ಹುಡುಗಿಗೆ ಪುಕ್ಕಟೆ ಟಿಕೆಟ್ಟಿನಿಂದ ಏನೂ ಬರುವುದಿಲ್ಲ.

ರೈಲಿನ ಸಂಗತಿ ಬೇಗ ಮುಗಿಯುತ್ತದೆ. ಯುರೋಪಿನ ಒಕ್ಕೂಟ 2021ರ ನಿಯಮದಲ್ಲಿ ಹೊಸ ಗಾಡಿಗಳಲ್ಲಿ ಕನಿಷ್ಠ ನಾಲ್ಕು ಸೈಕಲ್ಲಿಗೆ ಜಾಗ ಇರಬೇಕೆಂದು ಹೇಳಿದೆ. ವಾಡಿ ಜಂಕ್ಷನ್ನಿನಲ್ಲಿ ಸೈಕಲ್ ಸಾಗಿಸಬೇಕಾದರೆ ಸರಕಿನಂತೆ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಬೇಕು. ಅದಕ್ಕೇ ಸೇಡಂನ ಹುಡುಗ ನಿಲ್ದಾಣದವರೆಗೆ ಸೈಕಲ್ ಮೇಲೆ ಬಂದರೂ ಚಿತ್ತಾಪುರದಲ್ಲಿ ಇಳಿದ ಮೇಲೆ ಆಟೊ ಹಿಡಿಯುತ್ತಾನೆ.

2011ರ ಜನಗಣತಿ ಹೇಳಿದಂತೆ ದೇಶದ ನೂರು ಮನೆಗಳಲ್ಲಿ 45ರ ಹತ್ತಿರ ಸೈಕಲ್ ಇತ್ತು. ಮೋಟಾರ್ ಬೈಕು, ಸ್ಕೂಟರುಗಳಿದ್ದದ್ದು 21ರಲ್ಲಿ. ಎಂದರೆ ಸೈಕಲ್ ಇಲ್ಲವಾದದ್ದು ಮನೆಯಿಂದಲ್ಲ, ರಸ್ತೆಯ ನಕ್ಷೆಯಿಂದ. ಹಾಲೆಂಡ್, ಡೆನ್ಮಾರ್ಕ್ ತಮ್ಮ ನಕ್ಷೆಯಲ್ಲಿ ಅದನ್ನು ಉಳಿಸಿಕೊಂಡವು. ಬ್ರಿಟನ್ ಬಿಟ್ಟುಕೊಟ್ಟು ಈಗ ಮತ್ತೆ ಸೇರಿಸಲು ಹೆಣಗುತ್ತಿದೆ. ಸೇಡಂ–ಮಳಖೇಡ, ವಾಡಿ–ಶಹಾಬಾದ್ ದಾರಿಗಳಲ್ಲಿ ಅದು ನಕ್ಷೆಗೆ ಬರಲೇ ಇಲ್ಲ.

1962ರ ಮಾನದಂಡ 2015ರಲ್ಲಿ ಪರಿಷ್ಕರಣೆಯಾಗಿ ಇಂದಿಗೂ ಜಾರಿಯಲ್ಲಿದೆ. ಸೈಕಲ್ ಪಟ್ಟಿ ಕಟ್ಟಲು ಹೊಸ ಕಾಯ್ದೆ ಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಈ ಐದು ಊರುಗಳ ನಡುವೆ ಮುಂದಿನ ರಸ್ತೆಯ ಅಂದಾಜುಪಟ್ಟಿ ಬರೆಯುವ ಎಂಜಿನಿಯರು ಒಂದು ದಿನ ಶಾಲೆ ಬಿಡುವ ಹೊತ್ತಿಗೂ ಪಾಳಿ ಬದಲಾಗುವ ಹೊತ್ತಿಗೂ ದಾರಿಯಲ್ಲಿ ನಿಂತು ಸೈಕಲ್ಲುಗಳನ್ನು ಎಣಿಸಬೇಕು. ಗಂಟೆಗೆ ಮೋಟಾರುಗಳು 200 ದಾಟುವ ಕಡೆ ಸೈಕಲ್ಲಿನ ಲೆಕ್ಕ ನೂರು ಮುಟ್ಟಿದರೆ ಎರಡು ಮೀಟರ್ ಪಟ್ಟಿಯನ್ನು ಅಂದಾಜಿನಲ್ಲಿ ಸೇರಿಸಬೇಕು. ಊರಿನ ಪಂಚಾಯಿತಿ, ಪುರಸಭೆಯವರು ಕೇಳಬೇಕಾದದ್ದೂ ಇಷ್ಟೇ.